ನನ್ನ ಹೆಸರಿನಲ್ಲಿ ಉಂಡವರಿಗೆ ಒಂದು ಬಹಿರಂಗ ಪತ್ರ

ಸನ್ಮಾನ್ಯರೇ,

ತಮ್ಮ ಹೆಸರು ಗೊತ್ತಿದ್ದರೆ ಹೆಸರು ಹಿಡಿದೇ ಬರೆಯುತ್ತಿದ್ದೆ. ತಾವು ನನ್ನ ಹೆಸರನ್ನೇ ಬಳಸುತ್ತಿರುವುದರಿಂದ, ನನಗೆ ನಾನೇ ಪತ್ರ ಬರೆದುಕೊಂಡಂತೆ ಆದೀತೆಂದು ಅಂಜಿ ‘ಸನ್ಮಾನ್ಯರೇ’ ಎಂದಿದ್ದೇನೆ.

ಸುರಪುರ ತಾಲ್ಲೂಕಿನ ನಮ್ಮೂರ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಗೆ ನಾನೂ ಒಬ್ಬ ಸದಸ್ಯ. ಮೊನ್ನೆ ಸಭೆಗೆ ಹೋದವನು ಚಹಾ ಬರುವ ತನಕ ಬಿಸಿಯೂಟದ ರುಚಿ ನೋಡಿದವರ ರಿಜಿಸ್ಟರ್ ತಿರುವಿದೆ. ಪಾಲಕರ ಕಾಲಮ್ಮಿನಲ್ಲಿ ನನ್ನ ಸಹಿ ಮೇಲಿಂದ ಕೆಳಗೆ ಸಾಲಾಗಿ ಬಿದ್ದಿತ್ತು. ನಿಜ ಹೇಳಬೇಕೆಂದರೆ ನನ್ನ ಕೈಯಿಂದ ಬೀಳುವ ಸಹಿಗಿಂತ ಚೆಂದಾಗಿತ್ತು. ಪಕ್ಕದಲ್ಲಿ ಷರಾ: ‘ಊಟ ರುಚಿಯಾಗಿದೆ, ಶುಚಿಯಾಗಿದೆ.’ ನಾವು ಗಂಡ ಹೆಂಡತಿ ಶಹಾಪುರದ ಕಡೆ ಹತ್ತಿ ಬಿಡಿಸಲು ಹೋದ ದಿನಗಳಲ್ಲೂ ನಾನು ಮಗಳ ಪಕ್ಕ ಕುಂತು ಉಂಡಿದ್ದೇನೆ. ಯಾದಗಿರಿಯಲ್ಲಿ ಮಾವನ ತಿಥಿ ಊಟ ಮಾಡಿದ ದಿನವೂ ಇಲ್ಲಿ ಉಂಡು ಕೈ ತೊಳೆದಿದ್ದೇನೆ. ಏಕಕಾಲಕ್ಕೆ ಎರಡು ಕಡೆ ಕಾಣಿಸಿಕೊಳ್ಳುವ ಶಕ್ತಿ ನಮ್ಮ ಸೀಮೆಯಲ್ಲಿ ತಿಂಥಣಿ ಮೌನಪ್ಪಯ್ಯನಿಗೆ ಮಾತ್ರ ಒಲಿಯುವಂಥದ್ದು ಎಂದುಕೊಂಡಿದ್ದೆ.

ನಿಯಮವೇನೋ ಒಳ್ಳೆಯದೇ. 2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಕೀಟನಾಶಕ ಬೆರೆತ ಊಟ ಉಂಡು 23 ಮಕ್ಕಳು ಸತ್ತರು. ಮಕ್ಕಳ ತಟ್ಟೆಗೆ ಬೀಳುವ ಮೊದಲು ಅನ್ನ ದೊಡ್ಡವರ ಬಾಯಿಗೆ ಬೀಳಲಿ ಎಂಬ ಮಾತು ಆಮೇಲೆ ಬಿಗಿಯಾಯಿತು. ಶಿಕ್ಷಕರು ತಿಂದು ನೋಡಬೇಕು, ಪಾಲಕರೂ ಸರದಿಯ ಮೇಲೆ ಬಂದು ತಿನ್ನಬೇಕು, ತಿಂದದ್ದನ್ನು ಬರೆದಿಡಬೇಕು. ಈ ಮೂರರಲ್ಲಿ ಬರೆದಿಡುವ ಕೆಲಸ ನಮ್ಮಲ್ಲಿ ಒಂದು ದಿನವೂ ತಪ್ಪಿಲ್ಲ.

ಆದರೆ ಮಧ್ಯಾಹ್ನಕ್ಕೆ ಪಾಲಕರನ್ನು ಕರೆದವರು ನಮ್ಮ ಮಧ್ಯಾಹ್ನವನ್ನು ನೋಡಿದಂತಿಲ್ಲ. ಬೆಳಕು ಹರಿಯುವ ಮೊದಲೇ ಬುತ್ತಿ ಕಟ್ಟಿಕೊಂಡು ಟಂಟಂ ಹತ್ತಿದ ಹೆಣ್ಣುಮಕ್ಕಳು ದೀಪ ಹಚ್ಚುವ ಹೊತ್ತಿಗೆ ಊರು ಸೇರುತ್ತಾರೆ. ಬಿಡಿಸಿದ ಹತ್ತಿಗೆ ಕೆಜಿ ಲೆಕ್ಕದ ಕೂಲಿ. ನಡುವೆ ಎದ್ದು ಬಂದವರ ಚೀಲ ಹಗುರ. ಹತ್ತಿ ಮುಗಿದರೆ ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗೆ ಭತ್ತದ ಕೆಲಸ. ಅದೂ ಇಲ್ಲದಿದ್ದರೆ ಬೆಂಗಳೂರಿಗೋ ಪುಣೆಗೋ ಗುಳೆ. ಗುಳೆ ಹೋದವರಿಗೆ ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜಿಯೇ ಪಾಲಕರು, ಅವಳಿಗೆ ಹೆಬ್ಬೆಟ್ಟೇ ಸಹಿ. ಇಂಥ ಸೀಮೆ ಎಂದೇ ಅಲ್ಲವೆ 2002ರ ಜೂನ್‌ನಲ್ಲಿ ಬಿಸಿಯೂಟದ ಅಕ್ಷರ ದಾಸೋಹವನ್ನು ಉಳಿದ ಜಿಲ್ಲೆಗಳಿಗಿಂತ ಮೊದಲು ನಮ್ಮ ಈ ಭಾಗದ ಏಳು ಜಿಲ್ಲೆಗಳಲ್ಲಿ ಶುರು ಮಾಡಿದ್ದು? ಆಗ ಯಾದಗಿರಿ ಇನ್ನೂ ಗುಲ್ಬರ್ಗ ಜಿಲ್ಲೆಯೊಳಗೇ ಇತ್ತು. ಮಧ್ಯಾಹ್ನ ಮನೆಯಲ್ಲಿ ಒಲೆ ಹೊತ್ತಿಸುವವರು ಇಲ್ಲವೆಂದು ಶಾಲೆಯಲ್ಲಿ ಒಲೆ ಹೂಡಿದರು. ಆ ಒಲೆಯ ರುಚಿ ನೋಡಲು ಅದೇ ಇಲ್ಲದವರನ್ನು ಕರೆದರು.

ತಮ್ಮ ಅಪ್ಪಣೆ ಕೇಳದೆ ಒಂದು ದಿನ ನಾನು ನಿಜವಾಗಿಯೂ ಹೋಗಿ ಉಂಡೆ. ಮೂರನೇ ಈಯತ್ತೆಯ ಮಗಳು ನನ್ನನ್ನು ಕಂಡದ್ದೇ ಮುಖ ಸಣ್ಣದು ಮಾಡಿದಳು. “ಯಪ್ಪಾ, ಯಾಕ ಬಂದಿ? ನಾ ಏನೂ ಮಾಡಿಲ್ಲ” ಎಂದಳು. ಅಪ್ಪ ಶಾಲೆಗೆ ಬರುವುದು ದೂರು ಬಂದಾಗ ಮಾತ್ರ ಎಂಬುದು ಅವಳ ಲೆಕ್ಕ. ಉಣ್ಣಲು ಬಂದೆ ಎಂದಾಗ ಪಕ್ಕದ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅನ್ನ ಬಿಸಿಯಿತ್ತು, ಮೆತ್ತಗಿತ್ತು. ಸಾಂಬಾರಿನಲ್ಲಿ ಬೇಳೆಯನ್ನು ಹುಡುಕಬೇಕಿತ್ತು. ಐದನೆಯ ತರಗತಿಯವರೆಗೆ ಮಗುವೊಂದಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂದು ಲೆಕ್ಕವಿದೆ. ತೊಗರಿ ಬೆಳೆಯುವ ಸೀಮೆಯಲ್ಲಿ ಕುಂತು ಆ 20 ಗ್ರಾಂ ಎಲ್ಲಿ ಹೋಯಿತೆಂದು ಸೌಟು ಆಡಿಸಿದೆ. ಮಗಳು ಮೊಟ್ಟೆಯ ಅರ್ಧ ತಿಂದು, ಉಳಿದರ್ಧವನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಮಡಚಿ ಲಂಗದ ಜೇಬಿಗೆ ಇಟ್ಟಳು. “ತಮ್ಮಗ” ಅಂದಳು. ಮನೆಯಲ್ಲಿ ಅವನೊಬ್ಬನಿದ್ದಾನೆ, ಇನ್ನೂ ಶಾಲೆಗೆ ಸೇರಿಲ್ಲ. ಇಂಥದ್ದನ್ನು ಬರೆಯಲು ತಮ್ಮ ರಿಜಿಸ್ಟರಿನಲ್ಲಿ ಕಾಲಮ್ಮಿಲ್ಲ.

ಅಡುಗೆಯ ಅಕ್ಕ ಸೆರಗಿನಲ್ಲಿ ಬೆವರು ಒರೆಸಿಕೊಂಡು ಎದುರಿಗೆ ಬಂದು ನಿಂತರು. ತಿಂಗಳಿಗೆ ಐದು ಸಾವಿರ ಮುಟ್ಟದ ಗೌರವಧನಕ್ಕೆ ಇಡೀ ಶಾಲೆಗೆ ಬೇಯಿಸುವವರು. “ಉಪ್ಪು ಹೆಂಗದ ಹೇಳ್ರಿ ಅಣ್ಣ, ಯಾರೂ ಹೇಳಂಗಿಲ್ಲ” ಎಂದರು. ಉಪ್ಪು ಕಮ್ಮಿಯಿತ್ತು, ಹೇಳಿದೆ. ಅವರಿಗೆ ಬೇಸರವಾಗಲಿಲ್ಲ. ಬೇಳೆಯ ಮಾತು ಎತ್ತಿದ್ದಕ್ಕೆ, ಕೊಟ್ಟಷ್ಟು ಹಾಕೀನ್ರಿ ಎಂದು ಉಗ್ರಾಣದ ಬೀಗದ ಕಡೆ ನೋಡಿದರು.

ದೊಡ್ಡವರು ಶಾಲೆಗೆ ಬರುವುದೇ ಇಲ್ಲವೆಂದು ನಾನು ಹೇಳಲಾರೆ. ಸಾಹೇಬರು ಚಾಪೆಯ ಮೇಲೆ ಕುಂತು ಎರಡು ತುತ್ತು ತಿಂದ ಫೋಟೋ ಪೇಪರಿನಲ್ಲಿ ಬರುತ್ತದೆ. ಅವತ್ತು ಸಾಂಬಾರಿನಲ್ಲಿ ಬೇಳೆಯೂ ಬರುತ್ತದೆ. ಮಕ್ಕಳ ತೂಕ ಹಿಡಿಯಲೂ ದೊಡ್ಡವರು ಬಂದಿದ್ದಾರೆ. 2021ರ ಡಿಸೆಂಬರ್‌ನಲ್ಲಿ ನಮ್ಮ ಕಡೆ ಮೊಟ್ಟೆ ಕೊಡಲು ಶುರು ಮಾಡಿದ ಮೇಲೆ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಯಾದಗಿರಿ ಮಕ್ಕಳ ತೂಕ ಹಿಡಿದು, ಮೊಟ್ಟೆ ಸಿಗದ ಗದಗದ ಮಕ್ಕಳ ತೂಕಕ್ಕೆ ಹೋಲಿಸಿದರು. ನಮ್ಮ ಮಕ್ಕಳು ಹೆಚ್ಚು ಮೈಗೂಡಿದ್ದರು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಲ್ಲಿ ವಾರಕ್ಕೆ ಆರು ದಿನ ಮೊಟ್ಟೆ. ಊಟದ ಸಲುವಾಗಿ ಪಾಲಕರು ಶಾಲೆಗೆ ಬಂದ ನಿದರ್ಶನವೂ ರಾಜ್ಯದಲ್ಲಿದೆ. 2025ರಲ್ಲಿ ಚಾಮರಾಜನಗರ ತಾಲ್ಲೂಕಿನ ಹೊಮ್ಮದಲ್ಲಿ ದಲಿತ ಹೆಣ್ಣುಮಗಳು ಮುಖ್ಯ ಅಡುಗೆಯವರಾದ ಮೇಲೆ ಪಾಲಕರು ಮಕ್ಕಳ ಟಿಸಿ ಕಿತ್ತುಕೊಂಡು ಹೋದ ಸುದ್ದಿ ಓದಿದೆವು. ಉಣ್ಣಲು ಸಿಗದ ಪುರುಸೊತ್ತು ಉಣ್ಣದಿರಲು ಹೇಗೋ ಸಿಗುತ್ತದೆ.

ಆದಕಾರಣ ತಮ್ಮಲ್ಲಿ ಅರಿಕೆ. ನನ್ನ ಹೆಸರಿನಲ್ಲಿ ಉಣ್ಣುವುದನ್ನು ಮುಂದುವರಿಸುವುದಾದರೆ ಪೂರ್ತಿ ಉಣ್ಣಿ: ಮಗಳ ಪಕ್ಕದಲ್ಲಿ ಕುಂದ್ರಿ, ಅಕ್ಕನಿಗೆ ಉಪ್ಪಿನ ಸುದ್ದಿ ಹೇಳಿ, ಉಗ್ರಾಣದ ಬೇಳೆಯನ್ನು ಒಮ್ಮೆ ತೂಗಿಸಿ. ಅಷ್ಟು ಆಗದಿದ್ದರೆ ಇನ್ನೊಂದು ದಾರಿಯಿದೆ. ನಾನು ಶಾಲೆಗೆ ಬಂದ ದಿನ ತಾವು ಹೊಲಕ್ಕೆ ಹೋಗಿ, ಮಾಲೀಕರ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಹತ್ತಿಯ ಕೆಜಿ ಬರೆದು ಬನ್ನಿ. ತಮ್ಮ ಬರವಣಿಗೆಯ ಮೇಲೆ ನನಗೆ ಭರವಸೆಯಿದೆ.

ಅಮಾವಾಸ್ಯೆಯ ದಿನ ನಮ್ಮಲ್ಲಿ ಹೊಲದ ಕೆಲಸವಿಲ್ಲ. ಶಾಲೆಗೆ ರಜೆ ಇಲ್ಲದಿದ್ದರೆ ಅವತ್ತು ನಾನೇ ಬರುತ್ತೇನೆ, ಇನ್ನಿಬ್ಬರನ್ನೂ ಕರೆತರುತ್ತೇನೆ. ದಯಮಾಡಿ ಮೂರು ಸಾಲು ಖಾಲಿ ಬಿಡಿ.

ಇಂತಿ,
ಸಹಿಯ ಮೂಲ ಮಾಲೀಕ