ಬಾಯಿ ಬಿಡುವ ಗುಡ್ಡ

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಶಾಲೆಯಲ್ಲಿ ಆಡಿಸುವವರಿಗೆ ಇಲಿಗಳ ಚಿಂತೆಯಿಲ್ಲ, ಬಾಲ ಕಟ್ಟಿದರೆ ಒಂದನೇ ಕ್ಲಾಸೆಲ್ಲ ಇಲಿಯೇ. ತಲೆನೋವು ಗುಡ್ಡದ್ದು. ಅದು ಬಾಯಿ ತೆರೆಯಬೇಕು, ಮಕ್ಕಳನ್ನು ನುಂಗಬೇಕು, ಮತ್ತೆ ಮುಚ್ಚಿಕೊಳ್ಳಬೇಕು.

ನಮ್ಮ ಹುಡುಗರು ಬಿದಿರು ಕಟ್ಟಿ, ಗೋಣಿತಟ್ಟು ಹೊದಿಸಿ, ಮೈದಾ ಅಂಟಿನಲ್ಲಿ ಹಳೇ ಪೇಪರ್ ಮೆತ್ತಿದರು. ರಾತ್ರೋರಾತ್ರಿ ಅಸಲಿ ಇಲಿಗಳು ಬಂದು ಗುಡ್ಡದ ಬುಡವನ್ನೇ ತಿಂದು ಹೋದವು. ಅಂಟಿಗೆ ಚೂರು ಮೈಲುತುತ್ತ ಬೆರೆಸಬೇಕಿತ್ತಂತೆ. ಈ ಜ್ಞಾನ ಎಲ್ಲರಿಗೂ ಮರುದಿನವೇ ಬಂತು.

ತೇಪೆ ಹಾಕಿ ನಿಲ್ಲಿಸಿದರೆ, ಫ್ಯಾನ್ ಗಾಳಿಗೆ ಗುಡ್ಡ ತೂರಾಡಿತು. ಹಿಂದುಗಡೆ ಓರೆಯಾಗಿ ರೀಪು ಹೊಡೆದು, ಅದರ ಬುಡಕ್ಕೆ ಮರಳಿನ ಮೂಟೆ ಹೇರಿದ ಮೇಲೆಯೇ ಸುಮ್ಮನಾದದ್ದು. ತ್ರಿಕೋನ ಜಗ್ಗುವುದಿಲ್ಲವೆಂದು ಗಣಿತದ ಮೇಷ್ಟ್ರು ಬೀಗುತ್ತಿದ್ದರೆ, ಎಂಟನೇ ಕ್ಲಾಸಿನವನೊಬ್ಬ ಮಾತ್ರ ಮುಖ ಸಣ್ಣ ಮಾಡಿಕೊಂಡ: “ಭೂಕಂಪದ ಸೀನೇ ಚೆನ್ನಾಗಿತ್ತು ಸಾರ್!”