ಎತ್ತಿಸಿದ ಗಾಡಿ, ಬಿಚ್ಚಿದ ಸರಳು

ಕಲಬುರಗಿಯಷ್ಟು ಸಪಾಟಾದ ಊರು ಇನ್ನೊಂದಿಲ್ಲ ಎಂದರೆ ರಾಯಚೂರಿನವರು ಜಗಳಕ್ಕೆ ಬಂದಾರು. ಆದರೂ ಕೋಟೆಯ ಬುರುಜು, ಬಂದೇನವಾಜ್ ದರ್ಗಾದ ಗುಮ್ಮಟ, ಶರಣಬಸವೇಶ್ವರ ಗುಡಿಯ ಶಿಖರ ಇಷ್ಟನ್ನು ಬಿಟ್ಟರೆ ನಮ್ಮೂರಲ್ಲಿ ಕತ್ತೆತ್ತಿ ನೋಡಬೇಕಾದದ್ದು ಬಹಳವೇನಿಲ್ಲ. ಆ ಕೊರತೆ ತುಂಬಲೆಂದೋ ಏನೋ, ಈಚೆಗೆ ನಮ್ಮ ಹುಡುಗರು ಗಾಡಿಗಳನ್ನು ಎತ್ತಿಸತೊಡಗಿದ್ದಾರೆ. ಸಂಜೆ ರಿಂಗ್ ರೋಡಿನಲ್ಲಿ ಒಂದು ಚಹಾ ಮುಗಿಯುವಷ್ಟು ಹೊತ್ತು ನಿಂತರೆ ಸಾಕು, ಎತ್ತಿಸಿದ ಥಾರ್ ಒಂದಾದರೂ ಕಣ್ಣಿಗೆ ಬೀಳುತ್ತದೆ. ಕಂಪನಿಯವರೇ ನೆಲದಿಂದ 226 ಮಿಲಿಮೀಟರ್ ಮೇಲಿಟ್ಟು ಕೊಟ್ಟದ್ದು ಇವರಿಗೆ ಸಾಲದು. ಸ್ಪ್ರಿಂಗಿಗೆ ಎರಡಿಂಚಿನ ಕಿಟ್ ಸೇರಿಸಿ, ಕೆಳಗೆ ದಪ್ಪ ಟೈರು ತೊಡಿಸಿ, ಮೇಲೆ ಲೈಟಿನ ಸಾಲು ಕೂರಿಸುತ್ತಾರೆ. ಅಂಥ ಗಾಡಿ ಹತ್ತಲು ನನ್ನ ವಯಸ್ಸಿನವರಿಗೆ ಸ್ಟೂಲು ಬೇಕು. ಇಳಿಯಲು ದೈವಬಲ ಬೇಕು.

ನನ್ನ ಅಕ್ಕನ ಮಗನೂ ಈ ಎತ್ತರದ ಮಂದಿಯಲ್ಲಿ ಒಬ್ಬ. ಗಾಡಿ ಎತ್ತಿಸಿ ವಾರ ಕಳೆಯುವುದರೊಳಗೆ ಅವನಿಗೆ ಹೊಸ ಯೋಚನೆ ಹುಟ್ಟಿತು. "ಮಾಮಾ, ಸ್ವೇ ಬಾರ್ ಬಿಚ್ಚಸ್ಲತ್ತೀನಿ. ಅದಿದ್ರ ಗಾಲಿ ಪೂರಾ ಆಡಂಗಿಲ್ಲ" ಎಂದ. ಗಾಡಿಗೆ ಸಾಮಾನು ಸೇರಿಸುವುದಕ್ಕೆ ದುಡ್ಡು ಹಾಕುವವರನ್ನು ನೋಡಿದ್ದೆ, ಇದ್ದ ಸಾಮಾನು ಬಿಚ್ಚಿಸಲು ದುಡ್ಡು ಕೊಡುವವನನ್ನು ನೋಡಿದ್ದು ಅದೇ ಮೊದಲು. ಹಾಗಾಗಿ ಅವನ ಜೊತೆ ಗ್ಯಾರೇಜಿಗೆ ನಾನೂ ಹೋದೆ.

ಉಸ್ತಾದರು ಅದನ್ನು ಸ್ಟೆಬಿಲೈಜರ್ ರಾಡ್ ಎನ್ನುತ್ತಾರೆ. ಗಾಡಿಯ ಕೆಳಗೆ ತಲೆ ತೂರಿಸಿ ನೋಡಿದರೆ ಎಡಗಾಲಿಯಿಂದ ಬಲಗಾಲಿಯ ತನಕ ಅಡ್ಡಕ್ಕೆ ಹೋಗಿ ಎರಡೂ ತುದಿಯಲ್ಲಿ ಬಗ್ಗಿರುವ ಒಂದು ಸ್ಪ್ರಿಂಗ್ ಉಕ್ಕಿನ ಸರಳು. ನಡುವೆ ಎರಡು ಕಡೆ ರಬ್ಬರ್ ಬುಷ್ ಅದನ್ನು ಚಾಸಿಗೆ ಹಿಡಿದಿಟ್ಟಿರುತ್ತದೆ, ತುದಿಗಳನ್ನು ಲಿಂಕ್ ರಾಡುಗಳು ಗಾಲಿಯ ಕಡೆಗೆ ಜೋಡಿಸಿರುತ್ತವೆ. ಎರಡೂ ಗಾಲಿ ಒಟ್ಟಿಗೆ ಮೇಲೆದ್ದರೆ ಸರಳು ಬುಷ್ಷಿನೊಳಗೆ ಸುಮ್ಮನೆ ಹೊರಳುತ್ತದೆ, ಯಾರ ತಂಟೆಗೂ ಹೋಗದು. ಒಂದೇ ಗಾಲಿ ಎದ್ದರೆ ಮಾತ್ರ ಹಿಂಡಿಕೊಂಡು ಇನ್ನೊಂದನ್ನೂ ಎಬ್ಬಿಸಲು ನೋಡುತ್ತದೆ, ಕೂಡುಕುಟುಂಬದ ಹಿರಿಯನ ಹಾಗೆ. ತಿರುವಿನಲ್ಲಿ ಗಾಡಿಯ ಮೈ ಹೊರಗಡೆಗೆ ವಾಲಿದಾಗ ಈ ಹಿರಿತನವೇ ಅದನ್ನು ನೆಟ್ಟಗೆ ನಿಲ್ಲಿಸುವುದು. ಇಂಥ ಸರಳಿಗೆ ಮೊದಲ ಪೇಟೆಂಟ್ ಪಡೆದವನು ಕೆನಡಾದ ಫ್ರೆಡರಿಕ್ಟನ್ ಊರಿನ ಸ್ಟೀಫನ್ ಕೋಲ್‌ಮನ್, 1919ರ ಏಪ್ರಿಲಿನಲ್ಲಿ. ನೂರು ವರ್ಷದ ನಂತರ ಕಲಬುರಗಿಯ ಹುಡುಗನೊಬ್ಬ ಅದನ್ನು ಬಿಚ್ಚಿ ಮನೆಯ ಅಟ್ಟಕ್ಕೆ ಹಾಕಿಯಾನೆಂದು ಆ ಪುಣ್ಯಾತ್ಮ ಎಣಿಸಿರಲಾರ.

ಅಳಿಯನ ವಾದದಲ್ಲಿ ಹುರುಳಿಲ್ಲವೆಂದಲ್ಲ. ಕಲ್ಲುದಾರಿಯಲ್ಲಿ ಬಲಗಾಲಿ ಬಂಡೆ ಹತ್ತಿದಾಗ ಎಡಗಾಲಿ ತಗ್ಗಿಗೆ ಇಳಿಯಬೇಕು. ಸರಳು ಅದನ್ನು ಇಳಿಯಗೊಡದೆ ಮೇಲಕ್ಕೆ ಎಳೆಯುತ್ತದೆ. ಗಾಲಿ ಗಾಳಿಯಲ್ಲಿ ತೂಗಾಡುತ್ತದೆ, ಡಿಫರೆನ್ಷಿಯಲ್ ಲಾಕ್ ಇಲ್ಲದಿದ್ದರೆ ಎಂಜಿನ್ನಿನ ಶಕ್ತಿಯೆಲ್ಲ ಆ ತಿರುಗುವ ಗಾಲಿಯ ಪಾಲು. ಅದಕ್ಕೇ ಜೀಪ್ ಕಂಪನಿಯವರು ರ‍್ಯಾಂಗ್ಲರ್ ರೂಬಿಕಾನ್ ಗಾಡಿಯಲ್ಲಿ ಮುಂದಿನ ಸರಳನ್ನು ಬಿಡಿಸಲು ಒಂದು ಗುಂಡಿಯನ್ನೇ ಇಟ್ಟಿದ್ದಾರೆ. ಒತ್ತಿದರೆ ಸರಳು ಬಿಡುತ್ತದೆ. ಗಾಡಿ ವೇಗ ಹಿಡಿದರೆ ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ. ಗುಂಡಿ ಒತ್ತಿದವನಿಗೆ ಮರೆವು ಬಂದೀತೆಂಬ ಅರಿವು ಆ ಗಾಡಿ ಮಾಡಿದವರಿಗೆ ಇತ್ತು.

ಉಸ್ತಾದರು ಹೇಳಿದ್ದು ಬೇರೆ. "ಬಿಚ್ಚೋದ್ ಬಿಚ್ತೀನ್ರಿ, ಹತ್ತು ಮಿನಿಟಿನ ಕೆಲಸ. ಖರೆ ಆ ಜೀಪಿಗಿ ಮುಂದ ಇಡೀ ಆಕ್ಸಲ್ ಅದ, ನಿಮ್ದಕ್ಕ ಬ್ಯಾರೆ ಬ್ಯಾರೆ ತೋಳು ಅದಾವ. ಬಿಚ್ಚಿದ್ರೂ ಗಾಲಿ ಎಷ್ಟಂತ ಇಳೀತದ?" ಮಾತು ಸರಿಯಾಗಿತ್ತು. 2020ರಿಂದ ಬರುತ್ತಿರುವ ಥಾರಿನ ಮುಂದಿನ ಎರಡು ಗಾಲಿಗಳಿಗೂ ಪ್ರತ್ಯೇಕ ವಿಶ್‌ಬೋನ್ ತೋಳುಗಳಿವೆ. ಅವುಗಳ ಆಟಕ್ಕೆ ಒಂದು ಮಿತಿಯಿದೆ. ಮೇಲೆ ಬಿಲ್ಲೆ ಕೂರಿಸಿ ಗಾಡಿ ಎತ್ತಿಸಿದರಂತೂ ಗಾಲಿ ಕೆಳಗಿಳಿಯಲು ಇದ್ದ ಜಾಗದಲ್ಲೇ ಒಂದಷ್ಟು ಎತ್ತಿಸಿದ್ದಕ್ಕೆ ಖರ್ಚಾಗಿ ಹೋಗಿರುತ್ತದೆ. ಅಂದರೆ ಸರಳು ಬಿಚ್ಚಿ ಕಲ್ಲುದಾರಿಯಲ್ಲಿ ಗಳಿಸುವುದು ಚೂರು, ಡಾಂಬರಿನಲ್ಲಿ ಕಳೆಯುವುದು ಮಾರು.

ಇಷ್ಟೆಲ್ಲ ಕೇಳಿದ ಮೇಲೂ ಅಳಿಯ ಬಿಚ್ಚಿಸಿದ. ಬಿಚ್ಚಿದ ಮೇಲೆ ಆಡಲು ಕಲ್ಲು ಬೇಕಲ್ಲ? ನಮ್ಮ ಸುತ್ತ ಇರುವುದು ತೊಗರಿಯ ಎರಿ ಭೂಮಿ. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬಿ ಅಂಟಾಗಿ ಟೈರಿನ ಹಲ್ಲುಗಳನ್ನೆಲ್ಲ ಮುಚ್ಚಿ ನುಣ್ಣಗೆ ಮಾಡಿಬಿಡುತ್ತದೆ. ಆ ಕೆಸರಿನಲ್ಲಿ ಸರಳಿದ್ದರೂ ಅಷ್ಟೇ, ಬಿಟ್ಟರೂ ಅಷ್ಟೇ. ಎಳೆಯಲು ಟ್ರ್ಯಾಕ್ಟರೇ ಬರಬೇಕು. ಆ ಟ್ರ್ಯಾಕ್ಟರನ್ನಾದರೂ ಅಳಿಯ ಸರಿಯಾಗಿ ನೋಡಿದ್ದರೆ! ಅದರ ಮುಂದಿನ ಆಕ್ಸಲ್ ನಡುವಿನ ಒಂದೇ ಪಿನ್ನಿನ ಮೇಲೆ ತೂಗುತ್ತದೆ. ಒಂದು ಗಾಲಿ ಬದುವಿನ ಮೇಲೆ, ಇನ್ನೊಂದು ಸಾಲಿನೊಳಗೆ, ನಾಲ್ಕೂ ನೆಲದಲ್ಲೇ. ಹುಡುಗರು ಲಕ್ಷ ಸುರಿದು ಹುಡುಕುವ ಗಾಲಿಯ ಆಟ ನಮ್ಮ ರೈತನಿಗೆ ಟ್ರ್ಯಾಕ್ಟರಿನ ಜೊತೆಗೇ ಬಂದಿದೆ. ಆದರೆ ಅವನು ಅದನ್ನು ರಿಂಗ್ ರೋಡಿನಲ್ಲಿ ನೂರರ ವೇಗಕ್ಕೆ ಓಡಿಸುವುದಿಲ್ಲ. ಇನ್ನು ಸೂಪರ್ ಮಾರ್ಕೆಟಿನ ಟಂಟಂಗಳ ವಿಷಯ ಎತ್ತುವುದೇ ಬೇಡ. ಮೂರೇ ಗಾಲಿಯಾದ್ದರಿಂದ ಮೂರೂ ಸದಾ ನೆಲದಲ್ಲಿರುತ್ತವೆ. ತಿರುವಿನಲ್ಲಿ ಸಮತೋಲದ ಹೊಣೆ ಡ್ರೈವರನ ಅಕ್ಕಪಕ್ಕದಲ್ಲಿ ಅರ್ಧ ಹೊರಗೆ ಕೂತ ಇಬ್ಬರು ಪ್ರಯಾಣಿಕರದ್ದು.

ಕಡೆಗೆ ಕಲ್ಲಿಗಾಗಿ ಕಮಲಾಪುರಕ್ಕೆ ಹೊರಟೆವು. ಹುಮನಾಬಾದ್ ರಸ್ತೆಯಲ್ಲಿ ಮಹಾಗಾಂವ ಕ್ರಾಸ್ ದಾಟಿ ಮುಂದೆ ಹೋದರೆ ಕರಿ ಮಣ್ಣು ಹಿಂದುಳಿದು ಕೆಂಪು ಮಣ್ಣು, ದಿಬ್ಬ, ಕಣಿವೆ ಶುರುವಾಗುತ್ತವೆ. ಭೌಗೋಳಿಕ ಗುರುತು ಪಡೆದ ಕೆಂಪು ಬಾಳೆ ಬೆಳೆಯುವುದು ಇಲ್ಲೇ. ಗಿಡ ಎತ್ತರ, ಗೊನೆ ಭಾರ, ಫಸಲಿಗೆ ಸುಮಾರು ಒಂದೂವರೆ ವರ್ಷ. ಗಾಳಿ ಕಡಿಮೆಯಿರುವ ಕಣಿವೆಯ ಮಗ್ಗುಲು ಅದಕ್ಕೆ ಹಿತ. ತೋಟದ ದಾರಿಯ ಕಲ್ಲುಗಳ ಮೇಲೆ ಅಳಿಯ ಗಾಡಿಯನ್ನು ಆಡಿಸಿದ, ನಾನು ಫೋಟೊ ತೆಗೆದೆ. ಗಾಲಿ ಎಷ್ಟು ಇಳಿಯಿತು ಎಂದು ಟೇಪು ಹಿಡಿದು ಅಳೆದ. ಅವನ ಮುಖ ನೋಡಿದರೆ ಉಸ್ತಾದರೇ ಗೆದ್ದಂತಿತ್ತು. ಅಕ್ಕ ಮಾತ್ರ ಒಂದು ಡಜನ್ ಎಂದು ಹೊರಟವಳು ಇಡೀ ಗೊನೆಯನ್ನೇ ಕೊಂಡಳು. ಕೆಂಪು ಬಾಳೆಯ ಮುಂದೆ ಚೌಕಾಸಿ ಮಾಡುವಾಗ ನಮ್ಮಕ್ಕ ಬೇರೆಯೇ ಮನುಷ್ಯಳು, ಅದು ಇನ್ನೊಂದು ಪ್ರಬಂಧಕ್ಕಾದೀತು.

ಮರಳುವಾಗ ಹೆದ್ದಾರಿಗೆ ಎಮ್ಮೆಯೊಂದು ನಿಧಾನವಾಗಿ ಬಂತು. ಅಳಿಯ ಸ್ಟಿಯರಿಂಗ್ ಎಳೆದ. ಗಾಡಿ ಮೊದಲು ಆ ಕಡೆ ವಾಲಿತು, ಮತ್ತೆ ಈ ಕಡೆ. ಹಿಂದೆ ಇಟ್ಟಿದ್ದ ಗೊನೆ ಉರುಳಿ ಅಕ್ಕನ ತೊಡೆಗೆ ಬಂತು. ಎಮ್ಮೆ ಕತ್ತು ಕೂಡ ತಿರುಗಿಸಲಿಲ್ಲ. ಒಂದೆರಡು ಕಿಲೋಮೀಟರ್ ಯಾರೂ ಮಾತಾಡಲಿಲ್ಲ. ಆಮೇಲೆ ಅಕ್ಕ ಅಂದಳು: "ನಂದ್ ಬಿಡಪಾ. ಬಾಳೇಹಣ್ಣಿಗರೆ ಒಂದು ಹಿಡಿಕಿ ಹಾಕ್ಸು."

ಮರುದಿನ ಉಸ್ತಾದರು ಸರಳನ್ನು ಮತ್ತೆ ಏರಿಸಿದರು. ಏರಿಸುವಾಗ ಒಂದು ಮಾತು ಹೇಳಿದರು, ಬಹಳ ಜನರಿಗೆ ಇದು ಗೊತ್ತಿರುವುದಿಲ್ಲ. ಗಾಡಿ ಎತ್ತಿಸಿದರೆ ಹಳೆಯ ಲಿಂಕ್ ರಾಡ್ ಗಿಡ್ಡವಾಗುತ್ತದೆ, ಸರಳಿನ ತೋಳು ಕೆಳಕ್ಕೆ ಜೋತು ಬುಷ್ಷಿನ ಮೇಲೆ ಸದಾ ಜಗ್ಗಾಟ. ಎತ್ತಿಸಿದಷ್ಟಕ್ಕೆ ತಕ್ಕ ಉದ್ದದ ಲಿಂಕ್ ಹಾಕಿದರೆ ಸರಳು ಮೊದಲಿನ ಕೋನಕ್ಕೆ ಬರುತ್ತದೆ. ಅಳಿಯ ಮತ್ತೊಂದು ತುದಿಗೆ ಹಾರಿ "ಹಂಗಿದ್ರ ದಪ್ಪನೆ ಸರಳೇ ಹಾಕ್ರಿ" ಅಂದ. ಉಸ್ತಾದರು ತಲೆಯಾಡಿಸಿದರು. ಸರಳಿನ ಬಿಗಿ ಅದರ ದಪ್ಪದ ನಾಲ್ಕನೇ ಘಾತದಂತೆ ಏರುತ್ತದೆ. 20 ಮಿಲಿಮೀಟರಿನದು ತೆಗೆದು 24ರದು ಹಾಕಿದರೆ ಬಿಗಿ ಎರಡು ಪಟ್ಟು. ಹಿಂದೆ ಮಾತ್ರ ಬಿಗಿ ಹೆಚ್ಚಿಸಿದರೆ, ಇಲ್ಲವೆ ಮುಂದಿನದನ್ನು ಮಾತ್ರ ಬಿಚ್ಚಿದರೆ, ಮಳೆಯಲ್ಲಿ ಗಾಡಿಯ ಹಿಂಭಾಗ ಜಾರಲು ಹೊಂಚುತ್ತದೆ. ಬುಷ್ ಕಿರುಗುಟ್ಟಿದರೆ ಕರಿ ಆಯಿಲ್ ಸುರಿಯುವ ನಮ್ಮ ಕಡೆಯ ಔಷಧವೂ ಕೆಟ್ಟದ್ದೇ. ರಬ್ಬರು ಉಬ್ಬಿ ಹಾಳಾಗುತ್ತದೆ. ಸಿಲಿಕೋನ್ ಗ್ರೀಸ್ ಒಂದಿಷ್ಟು ಸವರಿದರೆ ಸಾಕು.

ಕಾನೂನಿನ ಕಥೆ ಬೇರೆಯೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಒತ್ತಿ ಹೇಳಿತು. ಇದನ್ನು ಅಳಿಯನಿಗೆ ತಿಳಿಸಿದಾಗ, ರಿಂಗ್ ರೋಡಿನ ಕೆಎ-32 ಗಾಡಿಗಳನ್ನೆಲ್ಲ ಕಂಪನಿಯ ಎತ್ತರಕ್ಕೆ ಇಳಿಸಹೊರಟರೆ ಊರ ಗ್ಯಾರೇಜುಗಳಿಗೆ ಒಂದು ವರ್ಷ ಪುರುಸೊತ್ತು ಸಿಗದು ಎಂದು ನಕ್ಕ.

ಇಷ್ಟಾಗಿಯೂ ಕಮಲಾಪುರದ ಕಲ್ಲು ಕಂಡೊಡನೆ ಸರಳು ಬಿಚ್ಚಲೇಬೇಕು ಅನ್ನಿಸುವ ತರುಣರಿಗೆ ನನ್ನದೊಂದು ವಿನಂತಿ. ಬಿಚ್ಚಿದ ಲಿಂಕ್ ರಾಡು, ನಟ್ಟು, ಬೋಲ್ಟು ಮನೆಯಲ್ಲಿ ಬಿಟ್ಟು ಬರಬೇಡಿ. ಡಬ್ಬಿಯಲ್ಲಿ ಹಾಕಿ ಗಾಡಿಯಲ್ಲೇ ಇಟ್ಟುಕೊಂಡು, ಡಾಂಬರು ಹತ್ತುವ ಮೊದಲು ನಿಲ್ಲಿಸಿ ಏರಿಸಿಕೊಳ್ಳಿ. ಪಾನಾನೂ ನೀವೇ ತನ್ನಿ. ಆ ತೋಟದ ದಾರಿಯಲ್ಲಿ ಬಾಳೆಹಣ್ಣೊಂದು ಬಿಟ್ಟು ಬೇರೇನೂ ಸಿಗುವುದಿಲ್ಲ.