ಶಾಸ್ತ್ರಿಗಳ ಎಡಗಾಲು

ಶಾಸ್ತ್ರಿಗಳು ಒಂಟಿ ಕಾಲಲ್ಲಿ ನಿಂತದ್ದು ಮೊದಲು ಅಮ್ಮನ ಕಣ್ಣಿಗೆ ಬಿತ್ತು. "ತಪಸ್ಸಿಗೆ ನಿಂತಿದ್ದಾರೆ, ಗಲಾಟೆ ಮಾಡಬೇಡ್ರೋ" ಅಂದರು. ನಮಗೂ ಅದರಲ್ಲಿ ವಿಶೇಷ ಕಾಣಲಿಲ್ಲ. ಒಂದು ಕಾಲನ್ನು ಹೊಟ್ಟೆಯ ಪುಕ್ಕದೊಳಗೆ ಮಡಚಿಕೊಂಡು ತೂಕಡಿಸುವುದು ಹಕ್ಕಿಗಳ ಜಾಯಮಾನ.

ಶಾಸ್ತ್ರಿಗಳೆಂದರೆ ನಮ್ಮ ಮನೆಯ ಕಾಕಟೀಲ್ ಗಿಣಿ. ನೆತ್ತಿಯ ಮೇಲೆ ಹಳದಿ ಜುಟ್ಟಿರುವುದರಿಂದ ಆ ಹೆಸರು. ಹೆಸರಿನ ದೆಸೆಯಿಂದ ಬಹುವಚನ. ಬಂದವರೆಲ್ಲ "ಗಿಣಿ ಅಂತೀರಿ, ಹಸಿರೇ ಇಲ್ವಲ್ಲ" ಅನ್ನುತ್ತಾರೆ. ನಮ್ಮ ನೆಲದ ಹಸಿರು ಗಿಣಿ ಸಾಕಿದರೆ 1972ರ ವನ್ಯಜೀವಿ ಕಾಯ್ದೆಯಡಿ ನಾನೇ ಪಂಜರದಲ್ಲಿ ಕೂರಬೇಕಾದೀತು. ಇವರ ಮೂಲಸ್ಥಾನ ಆಸ್ಟ್ರೇಲಿಯಾ. ಗೋತ್ರ ವಿಚಾರಿಸಿಲ್ಲ.

ಸಂಜೆ ನೋಡಿದರೂ ಅದೇ ಬಲಗಾಲು. ಎಂಥ ತಪಸ್ವಿಯಾದರೂ ಒಮ್ಮೆ ಕಾಲು ಬದಲಾಯಿಸಬೇಡವೆ? ಪಂಜರದ ತಳಕ್ಕೆ ಹಾಸಿದ್ದ ಪೇಪರಿನ ಮೇಲೆ ನಾಲ್ಕೈದು ಕೆಂಪು ಚುಕ್ಕಿ. ಗಿಣಿಗೆ ಮುಂದೆರಡು, ಹಿಂದೆರಡು ಬೆರಳು. ರಾತ್ರಿ ಪಂಜರಕ್ಕೆ ಹೊದಿಸುವ ಅಮ್ಮನ ಹಳೇ ಶಾಲಿನ ಎಳೆಗೆ ಎಡಗಾಲಿನ ಹಿಂಬೆರಳು ಸಿಕ್ಕಿ, ಉಗುರು ಅರ್ಧ ಕಿತ್ತುಬಂದಿತ್ತು. ಅಷ್ಟು ನೋವಿಟ್ಟುಕೊಂಡೂ ಬೆಳಗಿನಿಂದ ಕಾಳು ತಿಂದಿದ್ದರು, ಕುಕ್ಕರಿನ ಜೊತೆ ಸಿಳ್ಳೆ ಹಾಕಿದ್ದರು.

ಕಾಡಿನಲ್ಲಿ ಕುಂಟುವ ಹಕ್ಕಿಯ ಮೇಲೆಯೇ ಗಿಡುಗನ ಕಣ್ಣು. ಅದಕ್ಕೇ ಗಿಣಿಗಳು ಮೈಯ ನೋವನ್ನು ಆದಷ್ಟು ಮುಚ್ಚಿಡುತ್ತವೆ. ನಮ್ಮ ವಂಶ ಇದಕ್ಕೆ ತದ್ವಿರುದ್ಧ. ದೊಡ್ಡಪ್ಪ ಸೀನಿದರೆ ತುಮಕೂರಿನ ಅತ್ತೆಗೆ ಫೋನು ಹೋಗುತ್ತದೆ. ಅಮ್ಮನ ಮಂಡಿನೋವಿಗಂತೂ ಪ್ರತ್ಯೇಕ ರಾಗವಿದೆ: ಕುರ್ಚಿಯಿಂದ ಏಳುವಾಗ ಮಂದ್ರದಲ್ಲೊಂದು "ಅಯ್ಯಪ್ಪಾ", ಕೂರುವಾಗ ಇನ್ನೊಂದು.

ಹೆಂಡತಿ ಅರಿಶಿನ ತಂದಳು. ಪಕ್ಕದ ಮನೆಯವರು ಬೆನ್ನುನೋವಿನ ಮುಲಾಮು ತಂದರು. ಫೋನಿನಲ್ಲಿ ಸಿಕ್ಕ ಪಶುವೈದ್ಯರು ಎರಡನ್ನೂ ಬೇಡವೆಂದರು: "ಮುಲಾಮು ಹಚ್ಚಿದರೆ ಕೊಕ್ಕಿಂದ ಕೆದಕಿ ನುಂಗುತ್ತೆ. ಕಾರ್ನ್‌ಫ್ಲೋರ್ ಇದ್ದರೆ ಉಗುರಿಗೆ ಒತ್ತಿಹಿಡೀರಿ. ಟವೆಲಲ್ಲಿ ಸುತ್ತಿ, ಆದರೆ ಎದೆ ಅಮುಕಬೇಡಿ." ಹಕ್ಕಿಗೆ ನಮ್ಮ ಹಾಗೆ ವಪೆ ಇಲ್ಲ, ಎದೆಗೂಡು ಹಿಗ್ಗಿ ಕುಗ್ಗಿದರಷ್ಟೇ ಉಸಿರು. ಗಟ್ಟಿಯಾಗಿ ಹಿಡಿಯಬೇಕು, ಹಿಡಿಯಲೂಬಾರದು. ಹೊಸ ಅಳಿಯನನ್ನು ಸಂಭಾಳಿಸಿದ ಹಾಗೆ.

ಗೋಬಿ ಮಂಚೂರಿಗೆಂದು ತಂದಿದ್ದ ಡಬ್ಬ ಹೊರಬಂತು. ಹಿಟ್ಟು ಮೆತ್ತಿದ ಪುಟ್ಟ ಕಾಲು ನೋಡಿ ಮಗ "ಇನ್ನು ಎಣ್ಣೆಗೆ ಬಿಡೋದೊಂದೇ ಬಾಕಿ" ಅಂದ. ಅವನ ಬುರುಡೆಗೊಂದು ಬಿತ್ತು, ಅಜ್ಜಿಯಿಂದ. ಅಷ್ಟರಲ್ಲಿ ಶಾಸ್ತ್ರಿಗಳು ನನ್ನ ಹೆಬ್ಬೆರಳನ್ನು ಕಡಿದರು. ಅವರ ರಕ್ತ ನಿಂತಿತು, ನನ್ನದು ಶುರುವಾಯಿತು. ಹೆಂಡತಿ ಬೇರೆ ಡಬ್ಬ ಹುಡುಕುವ ಗೋಜಿಗೆ ಹೋಗದೆ ನನಗೂ ಅದೇ ಹಿಟ್ಟು ಹಚ್ಚಿದಳು.

ಮರುದಿನ ಆಸ್ಪತ್ರೆಯಲ್ಲಿ ತೂಗಿದರೆ 92 ಗ್ರಾಂ. ಮೈಯ ರಕ್ತವೆಲ್ಲ ಸೇರಿದರೂ ಎರಡು ಟೀ ಚಮಚ ತುಂಬದು. ನಾಲ್ಕೈದು ಚುಕ್ಕಿಗೂ ಲೆಕ್ಕವಿದೆ ಅಂದರು ವೈದ್ಯರು. ಆಮೇಲೆ ನನ್ನ ಕಡೆ ತಿರುಗಿದರು. ಕೂರಲು ನಾನು ಕಟ್ಟಿದ್ದು ಕಿಟಕಿ ಪರದೆಯ ನುಣುಪು ಕೋಲು. ಇಡೀ ದಿನ ಅದರ ಮೇಲೇ ಕೂತರೆ ಪಾದದ ಒಂದೇ ಜಾಗಕ್ಕೆ ಭಾರ ಬಿದ್ದು ಹುಣ್ಣಾಗುತ್ತದೆ. ದಪ್ಪ ಸಣ್ಣ ಇರುವ ಸೀಬೆ ಕೊಂಬೆ ಕಟ್ಟಿ, ಅದೂ ಕೆಳಗೆ. ಎರಡು ವಾರ ಹಾರಾಟವಿಲ್ಲ. ಮನೆಯಲ್ಲಿ ಸದಾ ಒಂದೇ ಕಡೆ ಇರುವವರು ಅಮ್ಮ ಒಬ್ಬರೇ ಆದ್ದರಿಂದ ಪಂಜರ ಅವರ ಕುರ್ಚಿಯ ಪಕ್ಕಕ್ಕೆ ಹೋಯಿತು.

ಉಗುರು ಮಾಗಿತು. ಕಾಲು ಎರಡೂ ಊರಿದವು. ಆದರೆ ಗುರುಕುಲವಾಸ ವ್ಯರ್ಥವಾಗಿರಲಿಲ್ಲ. ಅಮ್ಮ ಕುರ್ಚಿಯ ಹಿಡಿಗೆ ಕೈ ಹಾಕಿದರೆ ಸಾಕು, ಅವರಿಗಿಂತ ಅರ್ಧ ಮಾತ್ರೆ ಮೊದಲೇ, ಅದೇ ಮಂದ್ರದಲ್ಲಿ, "ಅಯ್ಯಪ್ಪಾ!" ಸರದಿ ತಪ್ಪಿದ ಅಮ್ಮ ಸದ್ದಿಲ್ಲದೆ ಎದ್ದುಹೋಗುತ್ತಾರೆ.

ಮೊನ್ನೆ ತುಮಕೂರಿನ ಅತ್ತೆ ಫೋನಿನಲ್ಲಿ ಕೇಳಿದರಂತೆ: "ಏನತ್ತಿಗೆ, ಮಂಡಿ ಇನ್ನೂ ಅಷ್ಟು ನೋಯುತ್ತಾ?"

"ನಂದಲ್ಲಮ್ಮ, ಅದು ಶಾಸ್ತ್ರಿಗಳು."

"ಯಾವ ಶಾಸ್ತ್ರಿಗಳು? ಮನೇಲೇ ಇದಾರಾ?"